ಬಿಟ್ಟ ಮೀನು, ಹಿಟ್ಟಿನ ಕೋಳಿ

ಹಿಂಸೆ ತನ್ನ ಹಳೆಯ ಹೆಸರಿನಲ್ಲಿ ಬಂದಾಗ ಅದನ್ನು ಗುರುತಿಸುವುದು ಶ್ರಾವಕನಿಗೆ ಕಷ್ಟವಲ್ಲ. ಬಂದೂಕನ್ನು ಹೆಗಲಿಗೇರಿಸಿ ಕಾಡಿಗೆ ಹೊರಟ ಜೈನ ಗೃಹಸ್ಥನನ್ನು ಯಾವ ಊರಿನ ಸಮಾಜವೂ ಸಹಿಸದು. ಬೇಟೆ ಸಪ್ತವ್ಯಸನಗಳಲ್ಲಿ ಒಂದೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಬೇಟೆ ಕ್ರೀಡೆಯೆಂಬ ಹೆಸರಿಟ್ಟುಕೊಂಡು, ಪ್ರಕೃತಿಪ್ರೇಮದ ಉಡುಪು ತೊಟ್ಟು, ಕೈಯಲ್ಲಿ ಬಂದೂಕಿನ ಬದಲು ಗಾಳದ ಕೋಲು ಹಿಡಿದು ಬಂದರೆ ಬಾಗಿಲು ತೆರೆದೇ ಇರುತ್ತದೆ. ಅತಿಥಿ ಸತ್ಕಾರವೂ ನಡೆಯುತ್ತದೆ. ಹಿಡಿದ ಮೀನನ್ನು ಕೊಲ್ಲದೆ ನೀರಿಗೆ ಬಿಡುತ್ತೇವೆಂಬ ಒಂದು ಮಾತು ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ. ಆ ಮಾತು ಧರ್ಮದ ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ ಎಂಬುದೇ ಇಲ್ಲಿ ವಿಚಾರಣೀಯ.

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರಿನ ಬೆಟ್ಟಸಾಲು ನೀರಿನ ಸೀಮೆ. ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರದ ಮಗ್ಗುಲಲ್ಲಿ ಹರಿದು, ಗೊರೂರಿನಲ್ಲಿ ೧೯೭೯ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಹಿನ್ನೀರಾಗಿ ಹರಡಿಕೊಂಡು, ಮುಂದೆ ಕಾವೇರಿಯನ್ನು ಸೇರುತ್ತಾಳೆ. ಅದೇ ಬೆಟ್ಟಗಳ ಪಡುವಣ ಮಗ್ಗುಲಿನ ಮಳೆ ಕೆಂಪುಹೊಳೆಯಾಗಿ, ಕುಮಾರಧಾರೆಯಾಗಿ ಘಟ್ಟವಿಳಿದು ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮುಂಗಾರಿನ ಮೊದಲ ಪ್ರವಾಹಕ್ಕೆ ಮೊಟ್ಟೆಯಿಡಲೆಂದು ಹೊಳೆಯಿಂದ ತೊರೆಗೆ, ತೊರೆಯಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಮಲೆನಾಡಿನವರೆಲ್ಲರೂ ಬಲ್ಲರು.

ಇಂಥ ಸೀಮೆಯಲ್ಲಿ ಕಾಫಿಯ ಬೆಲೆ ಏರಿಳಿಯುವಾಗ ಹೋಂಸ್ಟೇ ಅನೇಕ ಮನೆಗಳಿಗೆ ಆಸರೆಯಾಗಿದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಅತಿಥಿಗಳ ಮನರಂಜನೆಯ ಪಟ್ಟಿಯಲ್ಲಿ ಚಾರಣ, ಪಕ್ಷಿವೀಕ್ಷಣೆಗಳ ಜೊತೆಗೆ ಗಾಳ ಹಾಕುವುದೂ ಕೆಲವೆಡೆ ಸೇರಿಕೊಂಡಿದೆ. ತೋಟದ ಕೆರೆಗೆ ಮೀನು ಬಿಟ್ಟು, ಬಂದವರ ಕೈಗೆ ಕೋಲು ಕೊಡುವ ಪದ್ಧತಿ ಬೆಳೆಯುತ್ತಿದೆ. ಕೆರೆಯಲ್ಲಿ ಕೈ ಪಳಗಿದ ಯುವಕ ಶಿರಾಡಿ ಘಾಟಿಯನ್ನು ಇಳಿದು ಕಡಲಿನತ್ತ ನೋಡುತ್ತಾನೆ. ಮುರ್ಡೇಶ್ವರದಾಚೆ ಹವಳ ಬೆಳೆದ ನೇತ್ರಾಣಿಯ ಸುತ್ತಲಿನ ನೀರು, ಅದರಾಚೆ ಲಕ್ಷದ್ವೀಪ, ಅಂಡಮಾನ್, ಮಾಲ್ಡೀವ್ಸ್: ದೋಣಿಯಲ್ಲಿ ಹೋಗಿ ಹವಳದ ದಿಬ್ಬದ ಮೇಲೆ ಗಾಳ ಹಾಕುವುದು ಈ ವಿನೋದದ ಕೊನೆಯ ಮೆಟ್ಟಿಲೆಂದು ಎಣಿಸಲ್ಪಟ್ಟಿದೆ. ತೋಟದ ಕೆರೆಯಿಂದ ಹವಳದ ದಿಬ್ಬದವರೆಗೆ ದಾರಿ ಉದ್ದವಾದರೂ ಮನಸ್ಸಿನ ಭಾವ ಒಂದೇ.

ಸಲಕರಣೆ ಮತ್ತು ತಂತ್ರ

ಈ ವಿನೋದವನ್ನು ಖಂಡಿಸುವವರು ಮೊದಲು ಅದನ್ನು ತಿಳಿಯಬೇಕು. ತಿಳಿಯದೆ ಮಾಡಿದ ಖಂಡನೆಗೆ ಯುವಜನರು ಕಿವಿಗೊಡುವುದಿಲ್ಲ.

ಕ್ರೀಡೆಯಾಗಿ ಮೀನು ಹಿಡಿಯುವವರ ಮಾತುಕತೆಯೆಲ್ಲ ಎರಡು ವಿಷಯಗಳ ಸುತ್ತ ನಡೆಯುತ್ತದೆ. ಒಂದು ಸಲಕರಣೆ, ಇನ್ನೊಂದು ತಂತ್ರ. ಕೋಲು ಎಷ್ಟು ಬಾಗಬೇಕು, ರೀಲಿನ ಬಿಗಿ ಎಷ್ಟಿರಬೇಕು, ದಾರ ಎಷ್ಟು ಭಾರವನ್ನು ತಡೆಯಬೇಕು, ಗಾಳದ ಮುಳ್ಳು ಯಾವ ಆಕಾರದ್ದಾಗಿರಬೇಕು ಎಂಬುದು ಸಲಕರಣೆಯ ಚರ್ಚೆ. ಹವಳದ ದಿಬ್ಬದ ಮೀನು ಗಾಳ ಕಚ್ಚಿದೊಡನೆ ಬಂಡೆಯ ಪೊಟರೆಯತ್ತ ನುಗ್ಗುತ್ತದೆ. ಮುರು ಮೀನಿನ ಜಾತಿಯವುಗಳಿಗೆ ಅದೇ ಮನೆ, ಅದೇ ಕೋಟೆ. ಹವಳದ ಅಂಚಿಗೆ ತಗುಲಿದರೆ ದಾರ ತುಂಡಾಗುತ್ತದೆ. ಆದ್ದರಿಂದ ದಪ್ಪನೆಯ ಹೆಣೆದ ದಾರ, ಅದರ ತುದಿಗೆ ಸವೆಯದ ಇನ್ನೊಂದು ದಾರ, ಗಟ್ಟಿ ಕೋಲು ಬೇಕೆಂದು ಬಲ್ಲವರು ಹೇಳುತ್ತಾರೆ. ಜೀವಿಯು ತನ್ನ ಮನೆಯನ್ನು ಸೇರಿಕೊಳ್ಳದಂತೆ ತಡೆಯುವುದೇ ಆ ಸಲಕರಣೆಯ ಗುರಿ.

ತಂತ್ರದ ಚರ್ಚೆ ಇನ್ನೂ ಸೂಕ್ಷ್ಮವಾದದ್ದು. ಎಕೋ ಸೌಂಡರ್ ಯಂತ್ರದಿಂದ ತಳದ ದಿಬ್ಬವನ್ನು ಹುಡುಕಿ, ಸೆಳೆತದ ದಿಕ್ಕನ್ನು ನೋಡಿ, ದೋಣಿ ದಿಬ್ಬದ ಮೇಲೆ ತೇಲಿಬರುವಂತೆ ಮಾಡುತ್ತಾರೆ. ಜಿಗ್ ಎಂಬ ಲೋಹದ ಹುಸಿಮೀನನ್ನು ತಳಕ್ಕಿಳಿಸಿ ಎಳೆದೆಳೆದು ಬಿಡುತ್ತಾರೆ. ಅದು ಗಾಯಗೊಂಡ ಸಣ್ಣ ಮೀನು ಒದ್ದಾಡುವಂತೆ ಕಾಣುತ್ತದೆ. ಹಸಿದ ದೊಡ್ಡ ಮೀನು ಅದನ್ನು ನಂಬಿ ಬರುತ್ತದೆ. ಕಾವೇರಿಯ ಮಹಶೀರ್ ಮೀನಿಗೆ ಇದೇ ಕೆಲಸವನ್ನು ರಾಗಿಹಿಟ್ಟಿನ ಉಂಡೆ ಮಾಡುತ್ತದೆ. ಹಳ್ಳಿಯ ತಾಯಿ ಮಕ್ಕಳಿಗೆ ಮುದ್ದೆ ಮಾಡಿಕೊಡುವ ರಾಗಿಯೊಳಗೇ ಇಲ್ಲಿ ಉಕ್ಕಿನ ಮುಳ್ಳು ಅಡಗಿರುತ್ತದೆ.

ಜೈನಾಚಾರ್ಯರು ಆತ್ಮವನ್ನು ಕಟ್ಟಿಹಾಕುವ ಕಷಾಯಗಳನ್ನು ನಾಲ್ಕಾಗಿ ಎಣಿಸಿದ್ದಾರೆ: ಕ್ರೋಧ, ಮಾನ, ಮಾಯೆ, ಲೋಭ. ಗಾಳದ ವಿನೋದದಲ್ಲಿ ಕ್ರೋಧವಿಲ್ಲದಿರಬಹುದು. ಉಳಿದ ಮೂರೂ ಪೂರ್ಣವಾಗಿವೆ. ಎರೆಯ ವಂಚನೆ ಮಾಯೆ. ಹಿಡಿದ ಮೀನನ್ನು ಎತ್ತಿ ಹಿಡಿದು ತೆಗೆಸಿಕೊಳ್ಳುವ ಚಿತ್ರ ಮಾನ. ಇದಕ್ಕಿಂತ ದೊಡ್ಡದು ಬೇಕೆಂಬ ಹಂಬಲ ಲೋಭ. ಕಬಿನಿಯಲ್ಲಿ ೧೯೪೬ರಲ್ಲಿ ೧೨೦ ಪೌಂಡು ತೂಕದ ಮಹಶೀರ್ ಹಿಡಿಯಲ್ಪಟ್ಟ ಸಂಗತಿ ಇಂದಿಗೂ ಈ ವಲಯದಲ್ಲಿ ಮಂತ್ರದಂತೆ ಜಪಿಸಲ್ಪಡುತ್ತದೆ. ಅಂತರರಾಷ್ಟ್ರೀಯ ಕ್ರೀಡಾ ಮೀನುಗಾರಿಕೆಯ ದಾಖಲೆಪುಸ್ತಕಗಳಲ್ಲಿ ದಾರದ ಬಲಕ್ಕೆ ತಕ್ಕಂತೆ ಬೇರೆಬೇರೆ ವರ್ಗಗಳಿವೆ. ತೆಳುವಾದ ದಾರದಿಂದ ಭಾರಿ ಮೀನನ್ನು ಹಿಡಿದವನಿಗೆ ವಿಶೇಷ ಗೌರವ. ತೆಳು ದಾರವೆಂದರೆ ಹೆಚ್ಚು ಹೊತ್ತಿನ ಎಳೆದಾಟ. ಪ್ರಾಣಿಯ ಒದ್ದಾಟ ದೀರ್ಘವಾದಷ್ಟೂ ಮನುಷ್ಯನ ಕೀರ್ತಿ ಬೆಳೆಯುವ ಆಟವನ್ನು ಅಹಿಂಸೆಯ ನೆರೆಹೊರೆಯಲ್ಲಿ ಕೂರಿಸಲು ಸಾಧ್ಯವೇ?

ದಯೆಯ ಗಾಳ

ಇದಕ್ಕೆ ಆ ಪಕ್ಷದವರ ಉತ್ತರ ಸಿದ್ಧವಾಗಿದೆ. ಕಾಲ ಬದಲಾಗಿದೆ, ಸಲಕರಣೆಯೂ ಬದಲಾಗಿದೆ ಎನ್ನುತ್ತಾರೆ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿರುವ ಮರಿಮುಳ್ಳನ್ನು ತೆಗೆದುಹಾಕಿದರೆ ಗಾಳ ಸುಲಭವಾಗಿ ಕಳಚಿಕೊಳ್ಳುತ್ತದೆ. ಒಳಮುಖವಾಗಿ ದುಂಡಗೆ ಬಾಗಿದ ಗಾಳವನ್ನು ಬಳಸಿದರೆ ಅದು ಹೊಟ್ಟೆಗಿಳಿಯದೆ ಬಾಯಿಯ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಗಟ್ಟಿ ದಾರದಿಂದ ಬೇಗನೆ ಎಳೆದು, ಒದ್ದೆ ಕೈಯಿಂದ ಮುಟ್ಟಿ, ಕ್ಷಣಮಾತ್ರದಲ್ಲಿ ನೀರಿಗೆ ಬಿಟ್ಟರೆ ಮೀನು ಬದುಕುತ್ತದೆ. ಇವೆಲ್ಲ ಸತ್ಯವಾದ ಮಾತುಗಳು. ಹಳೆಯ ಕ್ರಮಕ್ಕಿಂತ ಈ ಕ್ರಮದಲ್ಲಿ ಸಾಯುವ ಮೀನುಗಳು ಕಡಿಮೆಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಹವಳದ ದಿಬ್ಬದ ನೀರಿನಲ್ಲಿ ಈ ದಯೆಯೂ ಸೋಲುತ್ತದೆ. ಸಮುದ್ರದಲ್ಲಿ ಪ್ರತಿ ೧೦ ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ೩೦ ಮೀಟರ್ ಆಳದಲ್ಲಿರುವ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಅಲ್ಲಿಂದ ಮೀನನ್ನು ಥಟ್ಟನೆ ಮೇಲಕ್ಕೆಳೆದರೆ ಅದರ ಒಡಲಿನ ಗಾಳಿಚೀಲದಲ್ಲಿರುವ ಅನಿಲ ನಾಲ್ಕು ಪಟ್ಟು ಹಿಗ್ಗಲು ಯತ್ನಿಸುತ್ತದೆ. ಕಣ್ಣುಗಳು ಉಬ್ಬುತ್ತವೆ, ಜಠರ ಬಾಯಿಯ ಮೂಲಕ ಹೊರಬರುತ್ತದೆ. ಅಂಥ ಮೀನನ್ನು ಬಿಟ್ಟರೂ ಅದು ಆಳಕ್ಕೆ ಇಳಿಯಲಾರದೆ ಹೊಟ್ಟೆ ಮೇಲಾಗಿ ತೇಲುತ್ತದೆ. ತೇಲಿದ ಮೀನು ಹಕ್ಕಿಗೂ ಶಾರ್ಕಿಗೂ ಆಹಾರ. ಅದನ್ನು ಮತ್ತೆ ಆಳಕ್ಕಿಳಿಸಲೆಂದೇ ಭಾರ ಕಟ್ಟಿದ ಬೇರೊಂದು ಸಲಕರಣೆ ಬಂದಿದೆ. ಒಂದು ಸಲಕರಣೆಯಿಂದ ಮಾಡಿದ ಗಾಯಕ್ಕೆ ಇನ್ನೊಂದು ಸಲಕರಣೆಯ ಮುಲಾಮು. ಮಾಡದಿದ್ದರೆ ಮುಲಾಮೇ ಬೇಕಾಗುತ್ತಿರಲಿಲ್ಲವೆಂಬ ವಿಚಾರ ಮಾತ್ರ ಅಂಗಡಿಯಲ್ಲಿ ದೊರೆಯುವುದಿಲ್ಲ.

ಮೀನಿಗೆ ನೋವಾಗುವುದಿಲ್ಲವೆಂಬ ಹಳೆಯ ಸಮಾಧಾನವೂ ಈಗ ಉಳಿದಿಲ್ಲ. ಟ್ರೌಟ್ ಮೀನಿನ ಮುಖದಲ್ಲಿ ಗಾಯಕಾರಕ ಸ್ಪರ್ಶವನ್ನು ಗ್ರಹಿಸುವ ನರಾಗ್ರಗಳಿರುವುದನ್ನು ಲಿನ್ ಸ್ನೆಡನ್ ಮತ್ತು ಸಂಗಡಿಗರು ೨೦೦೩ರಲ್ಲಿ ಬ್ರಿಟನ್ನಿನಲ್ಲಿ ತೋರಿಸಿದರು. ಇದರ ಅರ್ಥವೇನೆಂಬುದರ ಬಗೆಗೆ ವಿಜ್ಞಾನಿಗಳಲ್ಲಿ ವಾದವಿದೆ. ಆದರೂ ಸ್ವಿಟ್ಜರ್ಲೆಂಡ್ ದೇಶವು, ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ೨೦೦೯ರಿಂದ ನಿಷೇಧಿಸಿದೆ. ಅವರು ಮಾಂಸಾಹಾರಿಗಳು, ಆಹಾರಕ್ಕೆ ಮೀನು ಹಿಡಿಯುವುದನ್ನು ತಡೆಯಲಿಲ್ಲ. ಕೇವಲ ವಿನೋದಕ್ಕಾಗಿ ಜೀವಿಯನ್ನು ಪೀಡಿಸಬಾರದೆಂದು ಅವರ ಕಾನೂನು ಹೇಳಿತು. ಮೀನನ್ನು ತಿನ್ನುವವರಿಗೆ ತೋಚಿದ ವಿವೇಕ ಮೀನನ್ನು ತಿನ್ನದವರಿಗೆ ತೋಚದಿದ್ದರೆ ಅದು ನಾಚಿಕೆಯ ಸಂಗತಿ.

ಜೈನ ದೃಷ್ಟಿಗೆ ನರಾಗ್ರಗಳ ಸಾಕ್ಷ್ಯ ಬೇಕಾಗಿಯೇ ಇರಲಿಲ್ಲ. ಮೀನು ಜಲಚರ ಪಂಚೇಂದ್ರಿಯ ಜೀವಿ. ತಿರ್ಯಂಚರಲ್ಲಿಯೂ ಸಮ್ಯಕ್ತ್ವ ಹುಟ್ಟಬಹುದು, ದೇಶವ್ರತವೂ ಸಾಧ್ಯವೆಂದು ಆಗಮ ಪರಂಪರೆ ಹೇಳುತ್ತದೆ. ಹದಿನೆಂಟನೆಯ ತೀರ್ಥಂಕರರಾದ ಅರನಾಥರ ಲಾಂಛನ ಮೀನು. ಜಿನಮಾತೆ ಕಂಡ ಹದಿನಾರು ಸ್ವಪ್ನಗಳಲ್ಲಿ ಮೀನುಗಳ ಜೋಡಿಯೂ ಒಂದು. ಬಸದಿಯ ಪೀಠದಲ್ಲಿ ಮೀನಿಗೆ ಕೈಮುಗಿದ ಕೈಯೇ ಹೊಳೆಯ ದಂಡೆಯಲ್ಲಿ ರೀಲು ಸುತ್ತುವುದಾದರೆ ಆ ಪೂಜೆಗೆ ಅರ್ಥವೇನು?

ಹಿಟ್ಟಿನ ಕೋಳಿಯ ಪಾಠ

ಬಿಟ್ಟ ಮೀನು ಬದುಕಿತೆಂದೇ ಇಟ್ಟುಕೊಳ್ಳೋಣ. ಒಂದೂ ಸಾಯಲಿಲ್ಲವೆಂದೇ ಒಪ್ಪೋಣ. ಆಗಲಾದರೂ ದೋಷವಿಲ್ಲವೇ?

ಈ ಪ್ರಶ್ನೆಗೆ ಉತ್ತರ ಹೊಯ್ಸಳ ನಾಡಿನಲ್ಲಿಯೇ ಎಂಟು ಶತಮಾನಗಳ ಹಿಂದೆ ಬರೆಯಲ್ಪಟ್ಟಿದೆ. ವೀರಬಲ್ಲಾಳನ ಆಸ್ಥಾನಕವಿ ಜನ್ನನು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಓದದ ಕನ್ನಡ ಜೈನರು ವಿರಳ. ಜೀವಬಲಿ ಕೊಡಲೊಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಲ್ಲಿ ಕೊಂದದ್ದು ಹಿಟ್ಟನ್ನು. ಹರಿದ ರಕ್ತ ಒಂದು ಹನಿಯೂ ಇಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಲ್ಪಡುತ್ತಾರೆ. ಆ ಜನ್ಮಗಳಲ್ಲೊಂದರಲ್ಲಿ ಯಶೋಧರ ಮೀನಾಗಿ ಹುಟ್ಟಿ ಮನುಷ್ಯರ ಕೈಗೆ ಸಿಕ್ಕಿ ಸಾಯುತ್ತಾನೆ. ಸಂಕಲ್ಪವೇ ಹಿಂಸೆಯೆಂಬುದನ್ನು ಇದಕ್ಕಿಂತ ತೀಕ್ಷ್ಣವಾಗಿ ಹೇಳಿದ ಕಥೆ ಬೇರೊಂದಿಲ್ಲ. ಹಿಟ್ಟಿನ ಕೋಳಿಗೆ ನೋವಿರಲಿಲ್ಲ. ಗಾಳ ಕಚ್ಚಿದ ಮೀನಿಗೆ ಜೀವವೂ ಇದೆ, ನೋವೂ ಇದೆ. ಹಿಟ್ಟನ್ನು ಕಡಿದವನಿಗೇ ಆ ಗತಿಯಾದರೆ, ಜೀವವಿರುವುದನ್ನು ಚುಚ್ಚಿ ಆಡಿಸಿದವನು ಯಾವ ಧೈರ್ಯದಿಂದ ತಾನು ಕೊಲ್ಲಲಿಲ್ಲವೆಂದು ಹೇಳಿಕೊಳ್ಳಬಲ್ಲ?

ಶಾಸ್ತ್ರಗಳಲ್ಲಿ ಬರುವ ಶಾಲಿಸಿಕ್ಥ ಮತ್ಸ್ಯದ ದೃಷ್ಟಾಂತವೂ ಇದನ್ನೇ ಸಾರುತ್ತದೆ. ಅಕ್ಕಿಯ ಅಗುಳಿನಷ್ಟು ಚಿಕ್ಕದಾದ ಆ ಮೀನು ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುತ್ತ, ಅದರ ತೆರೆದ ಬಾಯಿಂದ ಪಾರಾಗಿ ಹೋಗುವ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಚಿಂತಿಸುತ್ತದೆ. ಅದು ಕೊಂದದ್ದು ಒಂದೂ ಇಲ್ಲ. ಆ ಚಿಂತನೆಯೊಂದರಿಂದಲೇ ಅದು ಏಳನೆಯ ನರಕಕ್ಕೆ ಹೋಗುತ್ತದೆ. ರಾತ್ರಿಯೆಲ್ಲ ಸಲಕರಣೆ ಒರಸುತ್ತ, ನಾಳೆಯ ಮೀನಿನ ತೂಕವನ್ನು ಕನಸು ಕಾಣುವವನ ಭಾವಹಿಂಸೆಯನ್ನು ಅಳೆಯಲು ಈ ಚಿಕ್ಕ ಮೀನೇ ಸಾಕು.

ಕೆಲವು ವಿದ್ಯಾವಂತರು ಮೃಗಸೇನನ ಕಥೆಯನ್ನು ಮುಂದಿಡಬಹುದು. ಸೋಮದೇವಸೂರಿ ೯೫೯ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಆ ಕಥೆ ಬರುತ್ತದೆ. ಬೆಸ್ತನಾದ ಮೃಗಸೇನ, ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲದೆ ಬಿಡುವೆನೆಂದು ಮುನಿಗಳ ಬಳಿ ವ್ರತ ಪಡೆಯುತ್ತಾನೆ. ಮೊದಲು ಸಿಕ್ಕ ಮೀನಿಗೆ ಬಟ್ಟೆಯ ಚೂರನ್ನು ಗುರುತಾಗಿ ಕಟ್ಟಿ ಬಿಡುತ್ತಾನೆ. ಅಂದು ಮತ್ತೆ ಮತ್ತೆ ಅದೇ ಮೀನು ಬಲೆಗೆ ಬೀಳುತ್ತದೆ. ಐದು ಸಲವೂ ಅದನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗಿ, ಹೆಂಡತಿಯಿಂದ ಹೊರದೂಡಲ್ಪಟ್ಟು, ಆ ರಾತ್ರಿಯೇ ಹಾವು ಕಚ್ಚಿ ಸಾಯುತ್ತಾನೆ. ವ್ರತದ ಫಲದಿಂದ ಮುಂದಿನ ಜನ್ಮದಲ್ಲಿ ಐದು ಸಲ ಅಪಾಯದಿಂದ ಪಾರಾಗುತ್ತಾನೆ. ಹಿಡಿದು ಬಿಡುವುದಕ್ಕೆ ಶಾಸ್ತ್ರದ ಸಮ್ಮತಿ ಇದೆಯಲ್ಲವೇ ಎಂದು ಕೇಳಬಹುದು.

ಕಥೆಯನ್ನು ಸರಿಯಾಗಿ ಓದಿದವರು ಹೀಗೆ ಕೇಳಲಾರರು. ಮೃಗಸೇನ ಮೀನನ್ನು ಬಿಟ್ಟಾಗ ತನ್ನ ಅಂದಿನ ಅನ್ನವನ್ನು ಬಿಟ್ಟ, ಮನೆಯ ನೆಮ್ಮದಿಯನ್ನು ಬಿಟ್ಟ. ಕುಲವೃತ್ತಿಯ ಹಿಂಸೆಯಲ್ಲಿ ಮುಳುಗಿದ್ದವನು ವ್ರತದ ಒಂದು ಎಳೆಯನ್ನು ಹಿಡಿದು ಮೇಲೇರಿದ. ಕ್ರೀಡೆಗಾಗಿ ಹಿಡಿಯುವವನು ಮೀನನ್ನು ಬಿಟ್ಟಾಗ ಏನನ್ನು ಬಿಡುತ್ತಾನೆ? ಅವನಿಗೆ ಬೇಕಾದ ಸುಖ, ಚಿತ್ರ, ಹೆಗ್ಗಳಿಕೆ ಎಲ್ಲವೂ ಆಗಲೇ ಕೈಸೇರಿರುತ್ತದೆ. ನಾಳೆ ಮತ್ತೆ ಹಿಡಿಯಲು ಬೇಕೆಂದೇ ಮೀನನ್ನು ಬಿಡುತ್ತಾನೆ. ಮೃಗಸೇನನದು ತ್ಯಾಗ, ಇವನದು ಉಳಿತಾಯ.

ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿರುವುದು ಇಂಥ ಸಂದೇಹಗಳ ನಿವಾರಣೆಗಾಗಿಯೇ. ಅಡುಗೆ, ಮನೆಕಟ್ಟುವಿಕೆಗಳಲ್ಲಿ ಆಗುವುದು ಆರಂಭಿ. ಕೃಷಿ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ಸಕಲೇಶಪುರಕ್ಕೆ ದೂರವಲ್ಲದ ಅಂಗಡಿ ಗ್ರಾಮದಲ್ಲಿ, ಅಂದಿನ ಸೊಸೆವೂರಿನಲ್ಲಿ, ಹಾರಿಬಂದ ಹುಲಿಯನ್ನು ಹೊಡೆಯುವಂತೆ ಸಳನಿಗೆ ಮುನಿಯೇ ಹೇಳಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಪ್ರಾಣರಕ್ಷಣೆಗಾಗಿ ಆದದ್ದು ವಿರೋಧಿ ಹಿಂಸೆ. ಈ ಮೂರನ್ನೂ ಗೃಹಸ್ಥನು ಯತ್ನಾಚಾರದಿಂದ ಕಡಿಮೆ ಮಾಡಬೇಕು, ಪೂರ್ಣವಾಗಿ ಬಿಡಲಾರ. ಸಂಕಲ್ಪಿ ಹಿಂಸೆಯನ್ನು ಮಾತ್ರ ಅಣುವ್ರತಿಯು ಪೂರ್ಣವಾಗಿ ಬಿಡಲೇಬೇಕು. ಗಾಳದ ವಿನೋದಕ್ಕೆ ಹಸಿವಿನ ನೆಪವಿಲ್ಲ, ವೃತ್ತಿಯ ನೆಪವಿಲ್ಲ, ರಕ್ಷಣೆಯ ನೆಪವಿಲ್ಲ. ಅದು ಶುದ್ಧ ಸಂಕಲ್ಪ. ಆದ್ದರಿಂದಲೇ ಕಡಲಂಚಿನಲ್ಲಿ ಬಲೆ ಬೀಸಿ ಬದುಕುವ ಬಡವನ ಕಡೆಗೆ ಬೆರಳು ತೋರಿ ಈ ವಿನೋದವನ್ನು ಸಮರ್ಥಿಸಲು ಬರುವುದಿಲ್ಲ. ಅವನ ಕೈಯಲ್ಲಿರುವುದು ಮಕ್ಕಳ ಅನ್ನ. ಇವರ ಕೈಯಲ್ಲಿರುವುದು ರಜೆಯ ಹೊತ್ತುಗಳೆಯುವಿಕೆ.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಒಂದಾದರೂ ಪ್ರಾಣ ತೆಗೆಯುವ ಕ್ರಿಯೆಯಲ್ಲವೆಂಬುದನ್ನು ಗಮನಿಸಬೇಕು. ಇಲ್ಲಿ ವಧವೆಂದರೂ ಹೊಡೆತವೆಂದೇ ಅರ್ಥ. ಸಾಯಿಸದೆ ಪೀಡಿಸುವುದನ್ನೇ ಆಚಾರ್ಯರು ಪ್ರತ್ಯೇಕವಾಗಿ ಎಣಿಸಿ ಎಚ್ಚರಿಸಿದ್ದಾರೆ. ದಾರದಿಂದ ಹಿಡಿದು ನಿಲ್ಲಿಸುವುದು ಬಂಧ. ಮುಳ್ಳಿನಿಂದ ಚುಚ್ಚುವುದು ಛೇದ. ನೀರೇ ಉಸಿರಾದ ಜೀವಿಯನ್ನು ನೀರಿನಿಂದ ಹೊರಗಿಟ್ಟು ಚಿತ್ರ ತೆಗೆಯುವುದು ಅನ್ನಪಾನನಿರೋಧಕ್ಕಿಂತ ಘೋರ. ತಾನು ಹಿಡಿಯದೆ ಅತಿಥಿಗೆ ಕೋಲು ಒದಗಿಸುವವನು ಹಿಂಸೋಪಕರಣವನ್ನು ಕೊಟ್ಟ ದೋಷಕ್ಕೆ, ಅಂದರೆ ಅನರ್ಥದಂಡದಲ್ಲಿ ಹೇಳಿದ ಹಿಂಸಾದಾನಕ್ಕೆ ಗುರಿಯಾಗುತ್ತಾನೆ. ಚಿತ್ರವನ್ನು ನೋಡಿ ಭೇಷ್ ಎಂದ ನೆಂಟರಿಗೂ ಅನುಮೋದನೆಯ ಪಾಲಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಲ್ಲಿ ಒಂದನ್ನು ಮಾತ್ರ ಮುಚ್ಚಿದ ಮನೆಗೆ ಕಳ್ಳ ಬರದಿರುವನೇ?

ನದಿಯ ಕಾವಲು

ಎದುರು ಪಕ್ಷದ ಒಂದು ವಾದ ಮಾತ್ರ ನಿಜವಾಗಿಯೂ ಬಲವಾದದ್ದು. ಗಾಳದವರು ನದಿಯನ್ನು ಕಾದಿದ್ದಾರೆಂಬುದೇ ಆ ವಾದ. ೧೯೭೨ರಲ್ಲಿ ಸ್ಥಾಪಿತವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಭಾಗವನ್ನು ವಹಿಸಿಕೊಂಡು ಕಾವಲುಗಾರರನ್ನಿಟ್ಟಿತು. ಭೀಮೇಶ್ವರಿ, ಗಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ಹಿಡಿದ ಮಹಶೀರನ್ನು ಬಿಡುವ ನಿಯಮವಿತ್ತು. ಹೊಳೆಗೆ ಡೈನಮೈಟು ಸಿಡಿಸಿ ಮೀನು ಕೊಲ್ಲುವವರನ್ನು ತಡೆಯುವ ಕೆಲಸ ನಡೆಯಿತು. ಕೆಲವು ಮಾಜಿ ಬೇಟೆಗಾರರಿಗೆ ಕಾವಲಿನ ಕೆಲಸವೂ ಸಿಕ್ಕಿತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ನಿಲುವಿನಿಂದ ೨೦೧೨ರ ವೇಳೆಗೆ ಅಲ್ಲಿ ಈ ಕ್ರೀಡೆ ನಿಂತಿತು. ಅದರೊಂದಿಗೆ ಕಾವಲೂ ಸಡಿಲವಾಯಿತೆಂದು ಆ ಪಕ್ಷದವರು ದೂರುತ್ತಾರೆ.

ಈ ಸೇವೆಯನ್ನು ಗೌರವದಿಂದಲೇ ನೆನೆಯಬೇಕು. ಆದರೆ ಅದರ ಇನ್ನೊಂದು ಮುಖವನ್ನೂ ಕಾಣಬೇಕು. ಗಲಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಹಿಡಿದ ಮೀನುಗಳ ದಾಖಲೆಯನ್ನು ಪರಿಶೀಲಿಸಿದ ಅಧ್ಯಯನ ೨೦೧೫ರಲ್ಲಿ ಪ್ರಕಟವಾಯಿತು. ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಹೋಗಿ, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದ್ದನ್ನು ಆ ದಾಖಲೆಯೇ ತೋರಿಸಿತು. ಗೂನುಬೆನ್ನಿನ ಮಹಶೀರ್ ೨೦೧೮ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮರಿ ಬಿಟ್ಟವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ನದಿಯಲ್ಲಿ ಮೀನು ಹೆಚ್ಚಬೇಕೆಂಬ ಹಂಬಲವೂ ನದಿಯ ಸ್ವಂತ ಜೀವಿಯ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ಗಾಳವಿಲ್ಲದೆ ಮೀನನ್ನು ಕಾದ ಉದಾಹರಣೆಗಳಿಗೆ ದೂರ ಹೋಗಬೇಕಾಗಿಲ್ಲ. ಹಾಸನ ಜಿಲ್ಲೆಯದೇ ಆದ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ದೇವಸ್ಥಾನದ ಆಶ್ರಯವಿದೆ. ಶೃಂಗೇರಿಯ ತುಂಗೆಯಲ್ಲಿ ಮೀನುಗಳು ಮನುಷ್ಯರ ಕಾಲ ಬಳಿಗೇ ಬರುತ್ತವೆ. ಸಕಲೇಶಪುರದ ಬೆಟ್ಟಗಳಿಂದ ಪಡುವಣಕ್ಕೆ ಇಳಿದರೆ ಸಿಗುವ ಶಿಶಿಲದ ಕಪಿಲಾ ಹೊಳೆಯಲ್ಲಿ ಶಿಶಿಲೇಶ್ವರನ ಮೀನುಗಳಿವೆ. ೧೯೯೬ರಲ್ಲಿ ದುಷ್ಕರ್ಮಿಗಳು ಅಲ್ಲಿ ವಿಷ ಹಾಕಿ ಅಸಂಖ್ಯಾತ ಮೀನುಗಳನ್ನು ಕೊಂದರು. ಊರವರು ದುಃಖಿಸಿ ಆ ಮೀನುಗಳಿಗಾಗಿ ಸ್ಮಾರಕ ಕಟ್ಟಿದರು. ಸತ್ತ ಮೀನಿಗೆ ಸ್ಮಾರಕ ಕಟ್ಟಿದ ಆ ಜನ ಜೈನರೇ ಆಗಿರಬೇಕಿಲ್ಲ. ಆದರೆ ಅವರ ನಡೆ ಜೀವದಯೆಯ ವ್ಯಾಖ್ಯಾನವೇ ಆಗಿದೆ. ಈ ಸ್ಥಳಗಳಲ್ಲಿ ಯಾವ ಮೀನೂ ತನ್ನ ರಕ್ಷಣೆಯ ಬೆಲೆಯಾಗಿ ಬಾಯಿಗೆ ಮುಳ್ಳು ಚುಚ್ಚಿಸಿಕೊಳ್ಳಬೇಕಾಗಿಲ್ಲ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಗಾಳದವನನ್ನು ಹೊಳೆಯಿಂದ ಎಬ್ಬಿಸಿ ಕಳುಹಿಸಿದ ಮೇಲೆ ಆ ಜಾಗದಲ್ಲಿ ಯಾರೂ ಕೂರದಿದ್ದರೆ, ರಾತ್ರಿ ಸಿಡಿಮದ್ದಿನವನು ಬರುತ್ತಾನೆ. ನಿಷೇಧವನ್ನು ಬೋಧಿಸಿದವರ ಮೇಲೆ ಕಾವಲಿನ ಹೊಣೆಯೂ ಬೀಳುತ್ತದೆ. ಬಸದಿಗಳ ಟ್ರಸ್ಟುಗಳು ಬೋಧನೆಯನ್ನಷ್ಟೇ ಮಾಡಿ ಹೊಣೆಯಿಂದ ನುಣುಚಿಕೊಂಡರೆ ಗಾಳದವರ ದೂರು ನಿಜವಾಗುತ್ತದೆ.

ತೋಟದ ನೀರು

ಇನ್ನೂ ಕಹಿಯಾದ ಸತ್ಯವೊಂದಿದೆ. ಗಾಳ ಮುಟ್ಟದ ಮನೆಗಳೂ ಮೀನಿನ ಸಾವಿನಿಂದ ದೂರವಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ನೀರು ಹುಳಿತು, ಸಂಸ್ಕರಣೆಯಿಲ್ಲದೆ ತೊರೆಗೆ ಸೇರಿದರೆ ನೀರಿನಲ್ಲಿರುವ ಪ್ರಾಣವಾಯು ಕುಂದಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಬೇಸಗೆಯ ಮುನ್ನ ಹೊಳೆ ತೆಳುವಾಗುವ ಕಾಲವೂ ಅದೇ. ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ಜಲಚರಗಳಿಗೆ ವಿಷ. ಅದರ ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆದವನು ಒಂದು ಗಂಟೆಯಲ್ಲಿ ಕೊಲ್ಲುವಷ್ಟು ಜೀವಿಗಳನ್ನು ಗಾಳದವನು ಒಂದು ವರ್ಷದಲ್ಲಿಯೂ ಕೊಲ್ಲಲಾರ.

ಇದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಅನಿವಾರ್ಯವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ತಡೆಯಲು ಸಾಧ್ಯವಿದ್ದೂ ತಡೆಯದ ಹಿಂಸೆ ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಗಾಳವನ್ನು ಖಂಡಿಸಿ ಪಲ್ಪರಿನ ಬಗೆಗೆ ಮೌನವಾಗುವ ಧರ್ಮೋಪದೇಶವನ್ನು ಬುದ್ಧಿವಂತರಾದ ಮಕ್ಕಳು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಕರ್ತವ್ಯ

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ. ಮಂದಿರಗಳ ಟ್ರಸ್ಟುಗಳು ತಮ್ಮ ಜ಼ಮೀನು, ಕೆರೆ, ಅತಿಥಿಗೃಹಗಳನ್ನು ಗುತ್ತಿಗೆ ಕೊಡುವಾಗ ಕರಾರುಪತ್ರದಲ್ಲಿ ಮೀನು ಹಿಡಿಯುವ ಮನರಂಜನೆಗೆ ಅವಕಾಶವಿಲ್ಲವೆಂಬ ಷರತ್ತನ್ನು ಬರೆಸಬೇಕು. ಅತಿಥಿಗೃಹ ನಡೆಸುವ ಕುಟುಂಬಗಳು ಕೋಲನ್ನು ಪಟ್ಟಿಯಿಂದ ತೆಗೆದುಹಾಕಬೇಕು. ಇದರಿಂದ ಕೆಲವು ಅತಿಥಿಗಳು ಬೇರೆಡೆಗೆ ಹೋದಾರು. ಆ ನಷ್ಟವನ್ನು ವ್ರತದ ಬೆಲೆಯೆಂದು ತಿಳಿಯಬೇಕು. ಮೃಗಸೇನ ತೆತ್ತ ಬೆಲೆ ಇದಕ್ಕಿಂತ ದೊಡ್ಡದು.

ಬಸದಿಗೆ ಸಮೀಪದ ಹೊಳೆಯ ಮಡುವನ್ನು ಮತ್ಸ್ಯಧಾಮವಾಗಿ ಕಾಯಲು ಗ್ರಾಮ ಪಂಚಾಯತಿ ಮತ್ತು ಮೀನುಗಾರಿಕೆ ಇಲಾಖೆಯೊಂದಿಗೆ ಮಾತುಕತೆ ನಡೆಸಬೇಕು. ಅಲ್ಲೊಬ್ಬ ಕಾವಲುಗಾರನಿಗೆ ಸಂಬಳ ಕೊಡುವುದು ಒಂದು ವರ್ಷದ ಆಡಂಬರದ ಮೆರವಣಿಗೆಗಿಂತ ದೊಡ್ಡ ಅಭಯದಾನ. ಹೊರಗಿನ ಮೀನುಮರಿಗಳನ್ನು ತಂದು ಬಿಟ್ಟು ಪುಣ್ಯವೆಂದು ಬೀಗಬಾರದು; ಹೊಳೆಯ ಸ್ವಂತ ಮೀನಿಗೆ ಅದೇ ಕಂಟಕವಾದೀತು. ತೋಟದ ಮಾಲೀಕರು ಪಲ್ಪರಿನ ನೀರನ್ನು ತೊಟ್ಟಿಗಳಲ್ಲಿ ನಿಲ್ಲಿಸಿ, ಸಂಸ್ಕರಿಸಿ, ಹೊಳೆಗೆ ಸೇರದಂತೆ ನೋಡಿಕೊಳ್ಳಬೇಕು. ಮೈಲುತುತ್ತದ ಪಾತ್ರೆಗಳನ್ನು ಹಳ್ಳದಿಂದ ದೂರವಿಡಬೇಕು.

ಯುವಜನರಿಗೆ ಬೇಡವೆಂದಷ್ಟೇ ಹೇಳಿ ಸುಮ್ಮನಾಗಬಾರದು. ನೀರಿನ ಮೇಲಿನ ಅವರ ಪ್ರೀತಿ ಒಳ್ಳೆಯದೇ. ಹವಳದ ದಿಬ್ಬವನ್ನು ನೋಡಬೇಕೆನ್ನುವವನು ಕನ್ನಡಕ ಧರಿಸಿ, ಉಸಿರುನಳಿಗೆ ಕಚ್ಚಿ, ಹವಳವನ್ನು ಮುಟ್ಟದೆ ತುಳಿಯದೆ ಈಜಿ ನೋಡಲಿ. ದೋಣಿಯವನಿಗೂ ಕೂಲಿ ಸಿಗುತ್ತದೆ, ಮೀನಿಗೂ ಮನೆ ಉಳಿಯುತ್ತದೆ. ಹತ್ತುಮೀನು ಏರುವ ಮುಂಗಾರಿನ ರಾತ್ರಿಯಲ್ಲಿ ದೀಪ ಹಿಡಿದು ಎಣಿಸಿ ಬರೆದಿಡುವ ಯುವಕರು ಊರಿಗೆ ಹತ್ತಿಪ್ಪತ್ತು ಜನ ಸಿಕ್ಕರೆ, ಆ ಹೊಳೆಗೆ ಅದಕ್ಕಿಂತ ದೊಡ್ಡ ಕಾವಲು ಬೇಕಾಗದು.

ದಶಲಕ್ಷಣ ಪರ್ವದ ದಿನಗಳಲ್ಲಿ ಹಸಿರು ತರಕಾರಿಯನ್ನೂ ಬಿಡುವ ಮನೆಗಳಿವೆ. ಕಾಣದ ಜೀವಿಗೆ ಹೆದರಿ ನೀರನ್ನು ಸೋಸಿ ಕುಡಿಯುವ ಸಂಪ್ರದಾಯ ಇನ್ನೂ ಉಳಿದಿದೆ. ಸೋಸಿದ ನೀರಿನ ಜೀವಾಣಿಯನ್ನು ಮತ್ತೆ ಅದೇ ಬಾವಿಗೆ ಬಿಡುವಷ್ಟು ಸೂಕ್ಷ್ಮವಾದ ದಯೆ ಈ ಸಮಾಜದ ಆಸ್ತಿ. ಅಂಥ ಸಮಾಜದ ಅಂಗಳದಲ್ಲಿ ಗಾಳದ ಕೋಲು ಒರಗಿ ನಿಂತಿರಬಾರದು. ಯಾವ ಗಾಳ ಒಳ್ಳೆಯದು, ಯಾವ ದಾರ ಮೃದುವಾದದ್ದು, ಯಾವ ತಂತ್ರದಲ್ಲಿ ನೋವು ಕಡಿಮೆ ಎಂಬ ಪ್ರಶ್ನೆಗಳಿಗೆ ಶ್ರಾವಕನ ಉತ್ತರ ಒಂದೇ: ಮೀನಿಗೆ ಅತ್ಯಂತ ಹಿತವಾದ ಗಾಳವೆಂದರೆ ನೀರಿಗೆ ಇಳಿಯದ ಗಾಳ.